ಖಾಲಿ ಬಿಟ್ಟ ಇಪ್ಪತ್ತೆರಡು ಮನೆ

ಇಂಟರ್ನಲ್ಸ್ ಶುರುವಾಗುವ ದಿನ. ಬೆಳಿಗ್ಗೆ ಆರೂವರೆಗೆ ನಮ್ಮ ಹಾಸ್ಟೆಲಿನ ಮೂರನೇ ಮಹಡಿಯಿಂದ ಕೂಗು ಕೇಳಿಸಿತು. ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತವರ ಕೂಗು. ನಲ್ಲಿ ತಿರುಗಿಸಿದರೆ ಬರೀ ಗಾಳಿ. ಐದೇ ನಿಮಿಷದಲ್ಲಿ ಬಕೆಟ್ ಹಿಡಿದ ದೊಡ್ಡ ಸೈನ್ಯ ಕೆಳಗಿಳಿದು ಬಂತು. ಪಂಪ್ ಮನೆಯ ಮುಂದೆ ವಾರ್ಡನ್ ಸರ್ ನಿಂತಿದ್ದರು. ಅವರ ಎದುರಿಗೆ ತಲೆ ತಗ್ಗಿಸಿಕೊಂಡು ಪಂಪ್ ಅಣ್ಣ. ಒಳಗಿನಿಂದ ಸುಟ್ಟ ರಬ್ಬರಿನ ವಾಸನೆ.

ನಾವು ನಾಲ್ಕು ಜನ ಗುಂಪಿನ ಹಿಂದೆ ನಿಂತಿದ್ದೆವು, ಮುಂದೆ ಹೋಗುವ ಧೈರ್ಯ ಇರಲಿಲ್ಲ. ಯಾಕಂದ್ರೆ ಮೂರು ವಾರದಿಂದ ರಾತ್ರಿ ಹೊತ್ತು ಆ ಪಂಪನ್ನು ಓಡಿಸುತ್ತಿದ್ದದ್ದು ಪಂಪ್ ಅಣ್ಣ ಅಲ್ಲ, ನಮ್ಮ ಮಿನಿ ಪ್ರಾಜೆಕ್ಟ್.

"ನಾನು ಕೈನೇ ಇಟ್ಟಿಲ್ಲ ಸಾರ್. ರಾತ್ರಿ ಈ ಹುಡುಗ್ರ ಡಬ್ಬೀಲೇ ಇತ್ತು," ಅಂದರು ಅಣ್ಣ.

ವಾರ್ಡನ್ ಸರ್ ನಮ್ಮ ಕಡೆ ತಿರುಗಿದರು. ನಾವು ಲ್ಯಾಪ್‌ಟಾಪ್ ತೆಗೆದು, ಇಡೀ ರಾತ್ರಿಯ ಲಾಗ್ ತೋರಿಸಿದೆವು. ಮೋಟರ್ ಶುರು, ನೀರು ಬಂತು, ಮೋಟರ್ ಓಡುತ್ತಿದೆ. ಅಷ್ಟೇ. "ನೋಡಿ ಸರ್, ಒಂದೂ ಎರರ್ ಇಲ್ಲ," ಅಂದೆವು. ನಮ್ಮಲ್ಲೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಬಹುಶಃ ಅಣ್ಣ ಮ್ಯಾನುಯಲ್‌ಗೆ ಹಾಕಿ ಮರೆತಿರಬೇಕು," ಅಂದೂಬಿಟ್ಟರು. ಯಾರು ಅಂತ ಇಲ್ಲಿ ಬರೆಯುವುದಿಲ್ಲ. ಉಳಿದ ಮೂವರೂ ಸುಮ್ಮನಿದ್ದೆವು, ಹಾಗಾಗಿ ಆ ಮಾತು ನಾಲ್ವರದ್ದೂ ಹೌದು.

ಸೀಲ್ ಸುಟ್ಟು ಪಂಪ್ ಜಾಮ್ ಆಗಿತ್ತು. ರಿಪೇರಿ ಖರ್ಚನ್ನು ಅಣ್ಣನ ಸಂಬಳದಲ್ಲಿ ಹಿಡಿಯುತ್ತೇವೆ ಅಂತ ವಾರ್ಡನ್ ಸರ್ ಹೇಳಿದರು. ನಾವು ಪರೀಕ್ಷೆ ಬರೆಯೋಕೆ ಹೋದೆವು.

ಈ ಬರಹ ಆ ಲಾಗಿನ ಬಗ್ಗೆ. "ಒಂದೂ ಎರರ್ ಇಲ್ಲ" ಅಂತ ನಾವು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಎರರ್ ಆಗಿಲ್ಲ ಅನ್ನುವುದಕ್ಕೂ ಎರರ್ ಬರೆದುಕೊಂಡಿಲ್ಲ ಅನ್ನುವುದಕ್ಕೂ ವ್ಯತ್ಯಾಸ ಇದೆ ಅಂತ ನಮಗೆ ಆಗ ಗೊತ್ತಿರಲಿಲ್ಲ.

ನಮ್ಮ ಡಬ್ಬಿಯೊಳಗೆ ಏನಿತ್ತು ಅಂತ ಮೊದಲು ಹೇಳುತ್ತೇವೆ. ಒಂದು ಇಎಸ್‌ಪಿ32 ಬೋರ್ಡು, ಒಂದು ರಿಲೇ. ಆ ರಿಲೇ ಸ್ಟಾರ್ಟರಿನ ಕಾಂಟ್ಯಾಕ್ಟರನ್ನು ಎಳೆಯುತ್ತದೆ. ಕೆಳಗಿನ ಸಂಪಿನಲ್ಲಿ ಒಂದು ಫ್ಲೋಟ್ ಸ್ವಿಚ್, ಮೇಲಿನ ಟ್ಯಾಂಕಿನಲ್ಲಿ ಎರಡು, ಟ್ಯಾಂಕಿಗೆ ಸೇರುವ ಪೈಪಿನಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ ಹೇಳುವ ಒಂದು ಫ್ಲೋ ಸ್ವಿಚ್. ಸಾಫ್ಟ್‌ವೇರ್ ಒಂದು ಸ್ಟೇಟ್ ಮಷೀನ್. ಸ್ಥಿತಿಗಳು ನಾಲ್ಕು: ನಿದ್ದೆ, ಶುರು, ಓಟ, ವಿಶ್ರಾಂತಿ. ಘಟನೆಗಳು ಏಳು: ಟ್ಯಾಂಕ್ ಖಾಲಿ, ಟ್ಯಾಂಕ್ ತುಂಬಿತು, ಸಂಪ್ ಖಾಲಿ, ಸಂಪಿಗೆ ನೀರು ಬಂತು, ಹರಿವು ಶುರು, ಹರಿವು ನಿಂತಿತು, ಸಮಯ ಮುಗಿಯಿತು.

ಪ್ರಾಜೆಕ್ಟ್ ರಿಪೋರ್ಟಿನಲ್ಲಿ ನಾವು ಬರೆದ ಚಿತ್ರ ನಿಜಕ್ಕೂ ಚೆನ್ನಾಗಿತ್ತು. ನಾಲ್ಕು ವೃತ್ತ, ಆರು ಬಾಣ. ನಿದ್ದೆಯಲ್ಲಿದ್ದಾಗ ಟ್ಯಾಂಕ್ ಖಾಲಿಯಾದರೆ, ಸಂಪಿನಲ್ಲಿ ನೀರಿದ್ದರೆ, ಮೋಟರ್ ಹಾಕಿ ಶುರು ಸ್ಥಿತಿಗೆ ಹೋಗು. ಅಲ್ಲಿ ಹರಿವು ಕಂಡರೆ ಓಟಕ್ಕೆ ಹೋಗು, ನಿಮಿಷದೊಳಗೆ ಕಾಣದಿದ್ದರೆ ವಿಶ್ರಾಂತಿಗೆ. ಓಟದಲ್ಲಿ ಟ್ಯಾಂಕ್ ತುಂಬಿದರೆ ನಿದ್ದೆಗೆ, ಸಂಪ್ ಖಾಲಿಯಾದರೆ ವಿಶ್ರಾಂತಿಗೆ. ವಿಶ್ರಾಂತಿಯ ಸಮಯ ಮುಗಿದರೆ ಮತ್ತೆ ನಿದ್ದೆಗೆ. ಕೋಡಿನಲ್ಲಿ ಒಂದು ಸ್ವಿಚ್-ಕೇಸ್. ಪ್ರತಿ ಸ್ಥಿತಿಯ ಕೊನೆಯಲ್ಲಿ, ನಾವೆಲ್ಲ ಮೊದಲ ಸೆಮಿಸ್ಟರಿನಿಂದ ಬರೆಯುತ್ತಾ ಬಂದ ಆ ಎರಡು ಪದ: ಡಿಫಾಲ್ಟ್, ಬ್ರೇಕ್.

ಪರೀಕ್ಷೆ ಮುಗಿದ ಸಂಜೆ ನಮಗೆ ಸಮಾಧಾನ ಇರಲಿಲ್ಲ. ಪಂಪ್ ಅಣ್ಣ ಎದುರಿಗೆ ಸಿಕ್ಕಿದಾಗ ನಗುತ್ತಿರಲಿಲ್ಲ, ನಮ್ಮನ್ನು ನೋಡಿ ಬೇರೆ ಕಡೆ ತಿರುಗುತ್ತಿದ್ದರು. ಮ್ಯಾನುಯಲ್ ಸ್ವಿಚ್ಚಿಗೆ ಅಂಟಿಸಿದ್ದ ಟೇಪು ಹಾಗೇ ಇದೆ ಅಂತ ನಮ್ಮಲ್ಲೊಬ್ಬರು ಗಮನಿಸಿದ್ದರು. ಆ ಟೇಪು ಅಂಟಿಸಿದ್ದು ನಾವೇ. ಅದನ್ನು ಕೀಳದೆ ಮ್ಯಾನುಯಲ್‌ಗೆ ಹಾಕಲು ಸಾಧ್ಯವೇ ಇಲ್ಲ.

ಹಾಗಾಗಿ ಲ್ಯಾಬಿನಲ್ಲಿ ಎರಡು ಬಕೆಟ್ ಇಟ್ಟುಕೊಂಡು ಕೂತೆವು. ಒಂದು ಸಂಪು, ಒಂದು ಟ್ಯಾಂಕು. ಮೋಟರಿನ ಬದಲು ಒಂದು ಬಲ್ಬು. ಫ್ಲೋಟುಗಳನ್ನು ಕೈಯಲ್ಲೇ ಎತ್ತೋದು, ಇಳಿಸೋದು. ಕೋಡಿನಲ್ಲಿ ಬದಲಾಯಿಸಿದ್ದು ಒಂದೇ ಸಾಲು: ಡಿಫಾಲ್ಟ್ ಆದಮೇಲೆ, ಬ್ರೇಕ್‌ಗೆ ಮುಂಚೆ, ಯಾವ ಸ್ಥಿತಿಯಲ್ಲಿ ಯಾವ ಘಟನೆಯನ್ನು ಕೈಬಿಟ್ಟೆವು ಅಂತ ಪ್ರಿಂಟ್ ಮಾಡು.

ಹತ್ತು ನಿಮಿಷದಲ್ಲಿ ಪರದೆ ತುಂಬಿಹೋಯಿತು.

ಆ ರಾತ್ರಿ ನಡೆದದ್ದು ಹೀಗಿರಬೇಕು. ಟ್ಯಾಂಕ್ ಖಾಲಿಯಾಯಿತು, ಸಂಪಿನಲ್ಲಿ ನೀರಿತ್ತು, ಮೋಟರ್ ಶುರುವಾಯಿತು. ನೀರು ನಾಲ್ಕು ಮಹಡಿ ಹತ್ತಿ ಫ್ಲೋ ಸ್ವಿಚ್ ತಲುಪಲು ಸುಮಾರು ಇಪ್ಪತ್ತು ಸೆಕೆಂಡ್ ಬೇಕು. ಅದೇ ಸಂಪಿನಿಂದ ಪಕ್ಕದ ಬ್ಲಾಕಿನ ಪಂಪೂ ನೀರೆಳೆಯುತ್ತದೆ. ಆ ಇಪ್ಪತ್ತು ಸೆಕೆಂಡಿನೊಳಗೆ ಸಂಪಿನ ಫ್ಲೋಟ್ ಕೆಳಗಿಳಿದು "ಸಂಪ್ ಖಾಲಿ" ಅಂತ ಕೂಗಿತು. ಆದರೆ ಯಂತ್ರ ಆಗ ಶುರು ಸ್ಥಿತಿಯಲ್ಲಿತ್ತು. ಶುರು ಸ್ಥಿತಿಗೆ ಗೊತ್ತಿದ್ದ ಘಟನೆಗಳು ಎರಡೇ, ಹರಿವು ಮತ್ತು ಸಮಯ. ಸಂಪ್ ಖಾಲಿ ಡಿಫಾಲ್ಟಿಗೆ ಹೋಯಿತು, ಬ್ರೇಕ್ ಆಯಿತು, ಸತ್ತಿತು. ತಳದಲ್ಲಿ ಉಳಿದಿದ್ದ ನೀರು ಪೈಪು ಹತ್ತಿ ಹರಿವು ಕಂಡಿತು, ಯಂತ್ರ ಓಟಕ್ಕೆ ಹೋಯಿತು. ಓಟ ಸ್ಥಿತಿಗೆ ಸಂಪ್ ಖಾಲಿ ಅಂದರೆ ಏನು ಮಾಡಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಆದರೆ ಫ್ಲೋಟ್ ಕೂಗುವುದು ಮೇಲಿನಿಂದ ಕೆಳಗೆ ಬೀಳುವಾಗ ಒಂದೇ ಸಲ. ಬಿದ್ದದ್ದು ಆಗಲೇ ಬಿದ್ದಾಗಿತ್ತು.

ಕೆಲವು ನಿಮಿಷದ ಮೇಲೆ ಸಂಪಿನ ತಳ ಒಣಗಿ ಪೈಪಿನಲ್ಲಿ ನೀರು ನಿಂತಿತು. ಫ್ಲೋ ಸ್ವಿಚ್ "ಹರಿವು ನಿಂತಿತು" ಅಂತ ಹೇಳಿತು. ಓಟ ಸ್ಥಿತಿಯಲ್ಲಿ ಅದಕ್ಕೂ ಕೇಸ್ ಇರಲಿಲ್ಲ, "ಸಂಪ್ ಫ್ಲೋಟ್ ಇದೆಯಲ್ಲ, ಸಾಕು" ಅಂದುಕೊಂಡಿದ್ದೆವು. ಅದೂ ಡಿಫಾಲ್ಟಿಗೆ ಹೋಯಿತು. ನೀರಿಲ್ಲದೆ ಓಡುವ ಪಂಪಿನ ಮೋಟರ್ ಎಳೆಯುವ ಕರೆಂಟು ಕಡಿಮೆಯೇ ಆಗುತ್ತದೆ, ಹಾಗಾಗಿ ಸ್ಟಾರ್ಟರಿನ ಓವರ್‌ಲೋಡ್ ರಿಲೇಗೂ ಏನೂ ಗೊತ್ತಾಗಲ್ಲ. ಸೀಲ್ ಸುಟ್ಟು, ಶಾಫ್ಟ್ ಹಿಡಿದುಕೊಂಡು, ಕರೆಂಟು ಏರಿದ ಮೇಲಷ್ಟೇ ಅದು ಟ್ರಿಪ್ ಆಗಿದ್ದು.

ಅಂದರೆ ಒಂದೇ ರಾತ್ರಿಯಲ್ಲಿ ಎರಡು ಸಲ ಯಂತ್ರಕ್ಕೆ ವಿಷಯ ಗೊತ್ತಾಗಿತ್ತು. ಎರಡು ಸಲವೂ ಕೇಳಿಸಿಕೊಳ್ಳಬೇಡ ಅಂತ ನಾವೇ ಬರೆದಿಟ್ಟಿದ್ದೆವು.

ಒಂದು ಹಾಳೆ ತೆಗೆದು ಕೋಷ್ಟಕ ಹಾಕಿದೆವು. ಅಡ್ಡ ಸಾಲಿಗೆ ನಾಲ್ಕು ಸ್ಥಿತಿ, ಮೇಲಿಂದ ಕೆಳಗೆ ಏಳು ಘಟನೆ. ಚೌಕಾಬಾರದ ಮಣೆಯ ಹಾಗೆ 28 ಮನೆ. ನಮ್ಮ ಚಿತ್ರದ ಆರು ಬಾಣಗಳು ಆರು ಮನೆಯಲ್ಲಿ ಕೂತವು. ಉಳಿದ 22 ಮನೆ ಖಾಲಿ. ಚಿತ್ರ ನೋಡಿದಾಗ ಕಾಣದೇ ಇದ್ದದ್ದು ಇದೇ. ಬಾಣದ ಚಿತ್ರ ನಾವು ಯೋಚಿಸಿದ್ದನ್ನು ಮಾತ್ರ ತೋರಿಸುತ್ತದೆ, ಕೋಷ್ಟಕ ನಾವು ಯೋಚಿಸದೇ ಬಿಟ್ಟದ್ದನ್ನೂ ತೋರಿಸುತ್ತದೆ. ಇನ್ನೊಂದು ಮಾತು. ಖಾಲಿ ಮನೆ ಅಂದರೆ ಅಲ್ಲಿ ಏನೂ ಬರೆದಿಲ್ಲ ಅಂತಲ್ಲ. ಡಿಫಾಲ್ಟ್-ಬ್ರೇಕ್ ಆ 22 ಮನೆಗೂ "ಪರವಾಗಿಲ್ಲ ಬಿಡು" ಅಂತ ಒಂದೇ ಉತ್ತರ ತುಂಬಿತ್ತು.

ನಾಚಿಕೆಯ ವಿಷಯ ಏನಂದ್ರೆ, ಇದನ್ನು ನಾವು ಓದಿದ್ದೆವು. ಮೂರನೇ ಸೆಮಿಸ್ಟರಿನಲ್ಲಿ ಮೀಲಿ ಮಷೀನು, ಮೂರ್ ಮಷೀನು. 1955 ಮತ್ತು 1956ರಲ್ಲಿ ಆ ಇಬ್ಬರು ಬರೆದ ಪ್ರಬಂಧಗಳಿಂದ ಬಂದ ಹೆಸರುಗಳು. ಅಲ್ಲಿ ಸ್ಟೇಟ್ ಟೇಬಲ್ ಪೂರ್ತಿ ತುಂಬದಿದ್ದರೆ ಮಾರ್ಕ್ಸ್ ಇಲ್ಲ. ಮೂರು ಫ್ಲಿಪ್-ಫ್ಲಾಪಿನಲ್ಲಿ ಮಾಡ್-6 ಕೌಂಟರ್ ಕಟ್ಟಿದರೆ ಎಂಟರಲ್ಲಿ ಎರಡು ಸ್ಥಿತಿ ಉಳಿಯುತ್ತವೆ. ಅವಕ್ಕೆ ಡೋಂಟ್ ಕೇರ್ ಅಂತ ಎಕ್ಸ್ ಹಾಕಿ ಮುಗಿಸಿದರೆ, ಕರೆಂಟ್ ಬಂದ ಕೂಡಲೇ ಕೌಂಟರ್ ಅವುಗಳಲ್ಲೇ ಎದ್ದು ಅಲ್ಲೇ ಸುತ್ತುತ್ತಾ ಸಿಕ್ಕಿಹಾಕಿಕೊಳ್ಳಬಹುದು, ಅದಕ್ಕೆ ಲಾಕ್‌ಔಟ್ ಅಂತ ಹೆಸರು ಎಂದು ಬರೆದು ಐದು ಮಾರ್ಕ್ಸ್ ತಗೊಂಡಿದ್ದೆವು. ಡೋಂಟ್ ಕೇರ್ ಅಂದರೆ ಯಾರಿಗೂ ಚಿಂತೆ ಇಲ್ಲ ಅಂತಲ್ಲ, ಚಿಂತಿಸಿ ನೋಡಿ ತೊಂದರೆ ಇಲ್ಲ ಅಂತ ತೀರ್ಮಾನಿಸಿದ್ದೇವೆ ಅಂತ. ಪರೀಕ್ಷೆಯಲ್ಲಿ ಬರೆದದ್ದು ಪಂಪ್ ಮನೆಯವರೆಗೆ ಬಂದಿರಲಿಲ್ಲ, ಅಷ್ಟೇ.

ಮಾರನೆಯ ದಿನ ನಾಲ್ವರೂ ವಾರ್ಡನ್ ಸರ್ ರೂಮಿಗೆ ಹೋದೆವು. ತಪ್ಪು ನಮ್ಮ ಕೋಡಿನದು, ಅಣ್ಣನದಲ್ಲ ಅಂತ ಹೇಳಿದೆವು. ಅವರು ಸ್ವಲ್ಪ ಹೊತ್ತು ನೋಡಿ, "ವೈವಾದಲ್ಲೂ ಹೀಗೇ ಹೇಳ್ತೀರೇನ್ರೋ?" ಅಂದರು. ಹೇಳ್ತೀವಿ ಸರ್ ಅಂದೆವು. ಸಂಬಳ ಹಿಡಿಯುವ ಮಾತು ಅಲ್ಲಿಗೆ ನಿಂತಿತು. ಸೀಲಿನ ದುಡ್ಡು ನಾವು ಹಾಕಿದೆವು.

ಪಂಪ್ ಅಣ್ಣನ ಹತ್ತಿರ ಹೇಳುವುದು ಅದಕ್ಕಿಂತ ಕಷ್ಟ ಆಯಿತು. ಪಂಪ್ ಮನೆಯ ಮೆಟ್ಟಿಲ ಮೇಲೆ ಕೂತು ಏನಾಯಿತು ಅಂತ ವಿವರಿಸಿದೆವು. ಫ್ಲೋಟ್ ಒಂದೇ ಸಲ ಕೂಗತ್ತೆ ಅಣ್ಣ, ಆ ಹೊತ್ತಿಗೆ ನಮ್ಮ ಪ್ರೋಗ್ರಾಂ ಬೇರೆ ಕೆಲಸದಲ್ಲಿತ್ತು. ಅವರು ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಕೂಗಿದ್ದು ಕೇಳಿಸ್ಲಿಲ್ಲ ಅಂದ್ರೆ, ಮತ್ತೆ ಹೋಗಿ ನೋಡೋದೇ ಇಲ್ವಾ ನಿಮ್ ಡಬ್ಬಿ?" ಅಂದರು. ಅವರ ತಾತ ಊರ ಕೆರೆಯ ನೀರುಗಂಟಿಯಾಗಿದ್ದರಂತೆ. ಯಾರು ಎಷ್ಟೇ ಕೂಗಿ ಕೇಳಿದರೂ, ತೂಬು ಎತ್ತೋಕೆ ಮುಂಚೆ ಒಂದು ಸಲ ತಾವೇ ಹೋಗಿ ಕಾಲುವೆ ನೋಡಿಕೊಂಡು ಬರುತ್ತಿದ್ದರಂತೆ. "ಹೇಳಿದ್ದು ಬೇರೆ, ಇರೋದು ಬೇರೆ ಕಣ್ರಪ್ಪ."

ಆ ಮಾತು ಅರ್ಥವಾಗಲು ನಮಗೆ ಇನ್ನೂ ಎರಡು ವಾರ ಬೇಕಾಯಿತು. ಯಾಕಂದ್ರೆ ಮೊದಲು ನಾವು ಮಾಡಿದ್ದು ಇನ್ನೊಂದು ತಪ್ಪು.

ಹೆದರಿದವರು ಮಾಡುವುದನ್ನೇ ಮಾಡಿದೆವು. ದೋಷ ಅಂತ ಐದನೇ ಸ್ಥಿತಿ ಸೇರಿಸಿದೆವು, ರೀಸೆಟ್ ಬಟನ್ ಒತ್ತಿದ್ದು ಅಂತ ಎಂಟನೇ ಘಟನೆ. ಚಿತ್ರದಲ್ಲಿ ಇಲ್ಲದ ಯಾವ ಘಟನೆ ಬಂದರೂ ಮೋಟರ್ ಆಫ್, ಕೆಂಪು ದೀಪ, ಯಾರಾದರೂ ರೀಸೆಟ್ ಒತ್ತುವವರೆಗೆ ಕಾಯಬೇಕು. ತುಂಬಾ ಸುರಕ್ಷಿತ ಅಂದುಕೊಂಡೆವು. ಟ್ಯಾಂಕ್ ತುಂಬುವಾಗ ಮೇಲಿಂದ ಬೀಳುವ ನೀರಿಗೆ ಫ್ಲೋಟ್ ಕುಣಿಯುತ್ತದೆ, "ತುಂಬಿತು, ತುಂಬಿತು" ಅಂತ ಎರಡು ಮೂರು ಸಲ ಹೇಳುತ್ತದೆ. ಮೊದಲನೆಯದಕ್ಕೆ ಯಂತ್ರ ನಿದ್ದೆಗೆ ಹೋಗುತ್ತಿತ್ತು. ಎರಡನೆಯದು ನಿದ್ದೆಯಲ್ಲಿ ಬರುತ್ತಿತ್ತು. ನಿದ್ದೆಯಲ್ಲಿ ಟ್ಯಾಂಕ್ ತುಂಬಿತು ಅನ್ನುವುದು ಚಿತ್ರದಲ್ಲಿಲ್ಲ. ದೋಷ! ಕೆಂಪು ದೀಪ! ತುಂಬಿದ ಟ್ಯಾಂಕಿನ ಕೆಳಗೆ ಯಂತ್ರ ಮುನಿಸಿಕೊಂಡು ಕೂತಿರುತ್ತಿತ್ತು. ಟ್ಯಾಂಕ್ ಮತ್ತೆ ಖಾಲಿಯಾದರೂ ಏಳುತ್ತಿರಲಿಲ್ಲ. ಮೂರನೇ ಮಹಡಿಯಿಂದ ಮತ್ತೆ ಕೂಗು.

ನಾಲ್ಕು ದಿನದಲ್ಲಿ ಪಂಪ್ ಅಣ್ಣ ಒಂದು ಅಭ್ಯಾಸ ಮಾಡಿಕೊಂಡರು. ಆ ಕಡೆ ಹೋದಾಗಲೆಲ್ಲ, ಕೆಂಪು ದೀಪ ಇದೆಯೋ ಇಲ್ಲವೋ ನೋಡದೆ, ರೀಸೆಟ್ ಒತ್ತಿ ಹೋಗೋದು. ಕೇಳಿದರೆ, "ಕೆಂಪು ದೀಪ ಹತ್ತಿದ್ರೆ ನಾನೇನ್ ಮಾಡ್ಲಿ ಅಂತ ನೀವು ಹೇಳೇ ಇಲ್ವಲ್ಲ," ಅಂದರು.

ಆ ವಾರ ನಮ್ಮ ಗೈಡ್ ಮೇಡಂ ಥೆರಾಕ್-25 ಬಗ್ಗೆ ಓದಿ ಬನ್ನಿ ಅಂದರು. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ 6 ರೋಗಿಗಳಿಗೆ ಅದರಿಂದ ಮಿತಿಮೀರಿದ ವಿಕಿರಣ ತಗುಲಿತು. ಅದರ ಒಂದು ದೋಷ ನಮಗೆ ತೀರಾ ಪರಿಚಿತ ಅನ್ನಿಸಿತು. ಒಳಗಿನ ಆಯಸ್ಕಾಂತಗಳು ಸಜ್ಜಾಗಲು ಸುಮಾರು 8 ಸೆಕೆಂಡ್ ಬೇಕಿತ್ತು. ಅಷ್ಟರೊಳಗೆ ಆಪರೇಟರ್ ಪರದೆಯಲ್ಲಿ ಏನಾದರೂ ತಿದ್ದಿದರೆ ಪ್ರೋಗ್ರಾಂ ಅದನ್ನು ಗಮನಿಸದೆ ಹೋಗಬಹುದಿತ್ತು. ಇನ್ನೊಂದು ಅದಕ್ಕಿಂತ ಪರಿಚಿತ. ತೊಂದರೆಯಾದಾಗ ಪರದೆಯಲ್ಲಿ "ಮಾಲ್‌ಫಂಕ್ಷನ್ 54" ಅನ್ನುವಂಥ ಸಂದೇಶ ಬರುತ್ತಿತ್ತು. ಅದರ ಅರ್ಥ ಆಪರೇಟರಿಗೆ ಗೊತ್ತಾಗುವಂತಿರಲಿಲ್ಲ. ಪಿ ಅನ್ನುವ ಕೀ ಒತ್ತಿದರೆ ಮುಂದುವರಿಯುತ್ತಿತ್ತು. ಇಂಥ ಸಂದೇಶಗಳು ಮತ್ತೆ ಮತ್ತೆ ಬರುತ್ತಿದ್ದರಿಂದ ಒತ್ತುವುದೇ ರೂಢಿಯಾಗಿತ್ತು. ನಮ್ಮ ಪಂಪಿಗೂ ಅದಕ್ಕೂ ಹೋಲಿಕೆ ಮಾಡುವಷ್ಟು ದೊಡ್ಡವರು ನಾವಲ್ಲ. ಆದರೆ ನಮ್ಮ ಕೆಂಪು ದೀಪ ಮತ್ತು ರೀಸೆಟ್ ಬಟನ್ ಸೇರಿ, ಅಂಥದ್ದೇ ಒಂದು ರೂಢಿಯನ್ನು ನಾಲ್ಕೇ ದಿನದಲ್ಲಿ ಒಬ್ಬರಿಗೆ ಕಲಿಸಿದ್ದವು.

ಎಲ್ಲವನ್ನೂ ಬಿಟ್ಟರೆ ಪಂಪ್ ಸುಡುತ್ತದೆ, ಎಲ್ಲವನ್ನೂ ದೋಷ ಅಂದರೆ ದೋಷಕ್ಕೇ ಬೆಲೆ ಹೋಗುತ್ತದೆ. ಹಾಗಾದರೆ ಬಂದ ಘಟನೆಯನ್ನೆಲ್ಲ ನೆನಪಿಟ್ಟುಕೊಂಡರೆ? ಶುರು ಸ್ಥಿತಿಯಲ್ಲಿ ಬಂದ ಸಂಪ್ ಖಾಲಿಯನ್ನು ಜೇಬಲ್ಲಿಟ್ಟುಕೊಂಡು, ಓಟಕ್ಕೆ ಹೋದ ಮೇಲೆ ತೆಗೆದು ನೋಡಿದರೆ ಆಯಿತಲ್ಲ? ಇದನ್ನು ಬರೆದೂ ಬಿಟ್ಟಿದ್ದೆವು. ಆಗ ಮೇಡಂ ಇನ್ನೊಂದು ಕಥೆ ಓದಿಸಿದರು. ಅದು ನಮ್ಮ ತಪ್ಪಿನ ತದ್ವಿರುದ್ಧ ತಪ್ಪು.

ಮಾರ್ಸ್ ಪೋಲಾರ್ ಲ್ಯಾಂಡರ್. 1999ರ ಡಿಸೆಂಬರ್ 3ರಂದು ಮಂಗಳದ ದಕ್ಷಿಣ ಧ್ರುವದ ಕಡೆ ಇಳಿಯಬೇಕಿದ್ದ ನಾಸಾದ ನೌಕೆ. ಇಳಿಯುವಾಗಿನಿಂದ ಮುಂದೆ ಅದರ ಸುದ್ದಿಯೇ ಇಲ್ಲ. ಪರಿಶೀಲನಾ ಮಂಡಳಿ ಅತ್ಯಂತ ಸಂಭವನೀಯ ಅಂತ ಹೇಳಿದ ಕಾರಣ ಇದು. ನೌಕೆಗೆ ಮೂರು ಕಾಲು, ಕಾಲು ನೆಲ ಮುಟ್ಟಿತು ಅಂತ ಹೇಳಲು ಸಂವೇದಕಗಳು. ನೆಲ ಮುಟ್ಟಿದ ಕೂಡಲೇ ಎಂಜಿನ್ ಆಫ್ ಆಗಬೇಕು. ಆದರೆ ಸುಮಾರು 1,500 ಮೀಟರ್ ಎತ್ತರದಲ್ಲಿ ಮಡಚಿದ್ದ ಕಾಲುಗಳು ಬಿಚ್ಚಿಕೊಳ್ಳುವಾಗ ಆಗುವ ಎಳೆತಕ್ಕೇ ಸಂವೇದಕ ಒಂದು ಕ್ಷಣ "ಮುಟ್ಟಿತು" ಅನ್ನಬಹುದಿತ್ತು. ಆ ಎತ್ತರದಲ್ಲಿ ಸಾಫ್ಟ್‌ವೇರ್ ಅದನ್ನು ಬಳಸುವುದಿಲ್ಲ, ಆದರೆ ಗುರುತು ಹಾಕಿಟ್ಟುಕೊಳ್ಳುತ್ತದೆ. 40 ಮೀಟರ್ ಎತ್ತರಕ್ಕೆ ಬಂದಾಗ, ಈಗ ನೆಲ ಮುಟ್ಟಿದ್ದನ್ನು ಗಮನಿಸು ಅನ್ನುವ ಸ್ಥಿತಿ ಶುರುವಾಗುತ್ತದೆ. ಹಳೆಯ ಗುರುತನ್ನು ಅಳಿಸಿರಲಿಲ್ಲ. ಸಾಫ್ಟ್‌ವೇರ್ ಜೇಬಿನಿಂದ ತೆಗೆದು ನೋಡಿತು, ಮುಟ್ಟಿದೆ ಅಂತಿದೆ. ಎಂಜಿನ್ ಆಫ್. ಸೆಕೆಂಡಿಗೆ ಸುಮಾರು 2.4 ಮೀಟರ್ ವೇಗದಲ್ಲಿ ಮೆಲ್ಲಗೆ ಕೂರಬೇಕಿದ್ದ ನೌಕೆ, ಸುಮಾರು 22 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿದಿರಬೇಕು.

ನಮ್ಮದರಲ್ಲಿ ಬೇಗ ಬಂದ ಘಟನೆಯನ್ನು ಮರೆತದ್ದು ತಪ್ಪಾಯಿತು. ಅಲ್ಲಿ ಬೇಗ ಬಂದ ಘಟನೆಯನ್ನು ನೆನಪಿಟ್ಟದ್ದು ತಪ್ಪಾಯಿತು. ಎರಡೂ ಕಡೆ ಕೊರತೆ ಒಂದೇ. ಈ ಸ್ಥಿತಿಯಲ್ಲಿ ಈ ಘಟನೆ ಬಂದರೆ ಅದರ ಅರ್ಥ ಏನು ಅಂತ, ಆ ಒಂದು ಮನೆಯ ಮೇಲೆ ಬೆರಳಿಟ್ಟು ಯಾರೂ ಕೇಳಿರಲಿಲ್ಲ. ಎಲ್ಲ ಮನೆಗೂ ಹೊಂದುವ ಒಂದು ಉತ್ತರ ಇಲ್ಲ. ಬಿಡು ಅಂದರೂ ಇಲ್ಲ, ನೆನಪಿಡು ಅಂದರೂ ಇಲ್ಲ, ನಿಲ್ಲಿಸು ಅಂದರೂ ಇಲ್ಲ.

ಪಂಪ್ ಅಣ್ಣನ ಮಾತು ಆಗ ನೆನಪಾಯಿತು. ಹೇಳಿದ್ದು ಬೇರೆ, ಇರೋದು ಬೇರೆ. ಹೊಸ ಸ್ಥಿತಿಗೆ ಕಾಲಿಡುವಾಗ ಹಳೆಯ ಕೂಗನ್ನು ನಂಬಬೇಕಿಲ್ಲ, ತಾನೇ ಹೋಗಿ ನೋಡಿದರೆ ಸಾಕು. ಫ್ಲೋಟ್ ಬಿದ್ದ ಕ್ಷಣ ಕಳೆದುಹೋಗುತ್ತದೆ, ಆದರೆ ಬಿದ್ದ ಫ್ಲೋಟ್ ಅಲ್ಲೇ ಇರುತ್ತದೆ. ಈಗ ನಮ್ಮ ಯಂತ್ರ ಪ್ರತಿ ಸ್ಥಿತಿಗೆ ಹೋದಾಗಲೂ ಮೊದಲು ನಾಲ್ಕೂ ಸಂವೇದಕಗಳನ್ನು ಓದುತ್ತದೆ. ಓಟಕ್ಕೆ ಹೋದಾಗ ಸಂಪ್ ಖಾಲಿ ಇದ್ದರೆ, ಘಟನೆ ಬಂದಿರಲಿ ಬಿಡಲಿ, ನಿಲ್ಲಿಸುತ್ತದೆ. ಇದರಿಂದ ಇನ್ನೊಂದು ಹಳೆಯ ಕಾಯಿಲೆಯೂ ಹೋಯಿತು. ಮೊದಲು ವಿಶ್ರಾಂತಿಯಲ್ಲಿದ್ದಾಗ ಟ್ಯಾಂಕ್ ಖಾಲಿಯಾದರೆ, ನಿದ್ದೆಗೆ ಹೋದ ಯಂತ್ರ ಏಳುತ್ತಲೇ ಇರಲಿಲ್ಲ. ಅಣ್ಣ ಆಗಾಗ ಬೋರ್ಡಿನ ಪ್ಲಗ್ ಕಿತ್ತು ಹಾಕುತ್ತಿದ್ದದ್ದು ಅದಕ್ಕೆ. ನಾವು ಅದನ್ನು ಅವರ ತರಲೆ ಅಂದುಕೊಂಡಿದ್ದೆವು.

ಒಂದು ಭಾನುವಾರ ಮಧ್ಯಾಹ್ನ ಪಂಪ್ ಮನೆಯಲ್ಲಿ ಅಣ್ಣನನ್ನೂ ಕೂರಿಸಿಕೊಂಡು ಕೋಷ್ಟಕ ತುಂಬಿದೆವು. ಐದು ಸ್ಥಿತಿ, ಎಂಟು ಘಟನೆ, 40 ಮನೆ. ಪ್ರತಿ ಮನೆಗೂ ನಾಲ್ಕರಲ್ಲಿ ಒಂದು ಉತ್ತರ: ಕೆಲಸ ಮಾಡು, ಬಿಡು, ಮುಂದಿನ ಸ್ಥಿತಿಯಲ್ಲಿ ನೋಡು, ನಿಲ್ಲಿಸಿ ಕೂಗು. ಬಿಡು ಅಂತ ಬರೆದಲ್ಲೆಲ್ಲ ಯಾಕೆ ಅಂತ ಒಂದು ಸಾಲು ಬರೆಯಲೇಬೇಕು ಅಂತ ನಿಯಮ ಮಾಡಿಕೊಂಡೆವು. ನಿದ್ದೆಯಲ್ಲಿ ಟ್ಯಾಂಕ್ ತುಂಬಿತು: ಬಿಡು, ಫ್ಲೋಟ್ ಕುಣಿಯುತ್ತಿದೆ. ಓಟದಲ್ಲಿ ಹರಿವು ನಿಂತಿತು: ನಿಲ್ಲಿಸು, ವಿಶ್ರಾಂತಿಗೆ ಹೋಗು, ಮತ್ತೆ ಪ್ರಯತ್ನಿಸು, ಸತತ ಮೂರು ಸಲ ಹೀಗೇ ಆದರೆ ದೋಷ. ಓಟದಲ್ಲಿ ಸಂಪ್ ಖಾಲಿ: ಇದು ದೋಷವೇ ಅಲ್ಲ. ನೀರಿಲ್ಲದ ಊರಿನಲ್ಲಿ ಸಂಪ್ ಖಾಲಿಯಾಗೋದು ದಿನದ ಮಾತು.

ನಿದ್ದೆಯಲ್ಲಿ ಹರಿವು ಶುರು ಅನ್ನುವ ಮನೆ ಬಂದಾಗ ನಾವು, "ಇದು ಆಗೋಕೇ ಸಾಧ್ಯ ಇಲ್ಲ, ಮೋಟರ್ ಆಫ್ ಇರುತ್ತೆ" ಅಂದೆವು. ಅಣ್ಣ ನಕ್ಕರು. "ಕಾಂಟ್ಯಾಕ್ಟರ್ ಅಂಟ್ಕೊಳತ್ತೆ ಕಣ್ರಪ್ಪ. ಹೋದ ವರ್ಷ ಎರಡು ಸಲ ಆಗಿದೆ. ಬಟನ್ ಒತ್ತಿದ್ರೂ ಮೋಟರ್ ನಿಲ್ಲಲ್ಲ." ಅಂದರೆ ಆಫ್ ಅಂತ ಹೇಳಿದ್ದೇವೆ ಅನ್ನುವುದೂ ಆಫ್ ಆಗಿದೆ ಅನ್ನುವುದೂ ಬೇರೆ ಬೇರೆ. ಸಾಧ್ಯವೇ ಇಲ್ಲ ಅಂದುಕೊಂಡ ಆ ಮನೆಯಲ್ಲೇ ಅತ್ಯಂತ ಗಟ್ಟಿಯಾಗಿ ಕೂಗಬೇಕು ಅಂತ ಗೊತ್ತಾಯಿತು. ಅಲ್ಲಿ ಸಾಫ್ಟ್‌ವೇರಿನಿಂದ ಏನೂ ಆಗಲ್ಲ, ಬಜರ್ ಹೊಡೆದು ಮನುಷ್ಯರನ್ನು ಕರೆಯಬೇಕು.

ಕೆಂಪು ದೀಪವನ್ನು ತೆಗೆದೆವು. ಅದರ ಬದಲು ಮೂರು ದೀಪ, ಪ್ರತಿಯೊಂದರ ಕೆಳಗೆ ಕನ್ನಡದಲ್ಲಿ ಒಂದು ಚೀಟಿ: "ಸಂಪ್ ನೋಡಿ", "ಪೈಪ್, ವಾಲ್ವ್ ನೋಡಿ", "ಮೇನ್ ಆಫ್ ಮಾಡಿ". ರೀಸೆಟ್ ಒತ್ತಿದರೆ ಬಿಟ್ಟ ಜಾಗದಿಂದ ಮುಂದುವರಿಯುವುದಿಲ್ಲ, ನಿದ್ದೆಗೆ ಹೋಗಿ ಎಲ್ಲ ಸಂವೇದಕಗಳನ್ನು ಹೊಸದಾಗಿ ಓದುತ್ತದೆ. ಕರೆಂಟ್ ಹೋಗಿ ಬಂದಾಗಲೂ ಹಾಗೇ.

ಕೋಡಿನಲ್ಲೂ ಒಂದು ಶಿಸ್ತು ತಂದೆವು. ಮೊದಲು ಇಂಟರಪ್ಟಿನೊಳಗೇ ಸ್ಥಿತಿ ಬದಲಾಯಿಸುತ್ತಿದ್ದೆವು, ಮಧ್ಯೆ ಮಧ್ಯೆ ಡಿಲೇ ಬೇರೆ. ಈಗ ಇಂಟರಪ್ಟಿನ ಕೆಲಸ ಘಟನೆಯನ್ನು ಸರತಿಯಲ್ಲಿ ನಿಲ್ಲಿಸುವುದು ಮಾತ್ರ. ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತ ಹಾಗೆ. ಮುಖ್ಯ ಲೂಪ್ ಒಂದೊಂದನ್ನೇ ತೆಗೆದು, ಅದರ ಕೆಲಸ ಪೂರ್ತಿ ಮುಗಿಸಿ, ಆಮೇಲೆ ಮುಂದಿನದನ್ನು ಕರೆಯುತ್ತದೆ. ಸರತಿಯಲ್ಲಿ 16 ಜಾಗ. ತುಂಬಿ ತುಳುಕಿದರೆ ಅದೂ ಒಂದು ಘಟನೆಯೇ: ಏನು ಕಳೆದುಕೊಂಡೆವೋ ಗೊತ್ತಿಲ್ಲ, ಹಾಗಾಗಿ ಮೋಟರ್ ನಿಲ್ಲಿಸಿ ಎಲ್ಲವನ್ನೂ ಮತ್ತೆ ನೋಡು. ಡಿಫಾಲ್ಟ್ ಇನ್ನೂ ಇದೆ, ಆದರೆ ಅದಕ್ಕೆ ಈಗ ಉಳಿದಿರುವುದು ಒಂದೇ ಕೆಲಸ. ಕೋಷ್ಟಕದಲ್ಲೇ ಇಲ್ಲದ್ದು ಬಂದರೆ ಸ್ಥಿತಿ, ಘಟನೆ, ಸಮಯ ಮೂರನ್ನೂ ಲಾಗಿನಲ್ಲಿ ಬರೆದು ನಿಲ್ಲಿಸುವುದು.

ಇದೆಲ್ಲ ಒಂದು ಪಂಪಿಗೆ ಅತಿಯಾಯಿತು ಅಂತ ಅನ್ನಿಸಬಹುದು. ನಮಗೂ ಅನ್ನಿಸಿತ್ತು. ಆಮೇಲೆ ನೆಟ್‌ವರ್ಕ್ಸ್ ಕ್ಲಾಸಿನಲ್ಲಿ ಟಿಸಿಪಿ ಬಂತು. 1981ರ ಸೆಪ್ಟೆಂಬರಿನ ಆರ್‌ಎಫ್‌ಸಿ 793ರಲ್ಲಿ ಹನ್ನೊಂದು ಸ್ಥಿತಿಗಳ ಆ ಪ್ರಸಿದ್ಧ ಚಿತ್ರ ಇದೆ. ಪರೀಕ್ಷೆಗೆ ನಾವೆಲ್ಲ ಬರೆಯುವುದು ಆ ಚಿತ್ರವನ್ನೇ. ಆದರೆ ಆ ದಾಖಲೆಯ ಕೊನೆಯ ಕಡೆ ಘಟನೆಗಳನ್ನು ಸಂಸ್ಕರಿಸುವ ಬಗ್ಗೆ ಒಂದು ಉದ್ದನೆಯ ಭಾಗ ಇದೆ. ಈ ಘಟನೆ ಬಂದಾಗ ಈ ಸ್ಥಿತಿಯಲ್ಲಿದ್ದರೆ ಹೀಗೆ, ಆ ಸ್ಥಿತಿಯಲ್ಲಿದ್ದರೆ ಹಾಗೆ ಅಂತ ಪುಟಗಟ್ಟಲೆ. ಮುಚ್ಚಿದ ಸ್ಥಿತಿಗೆ ಯಾವುದೋ ಪ್ಯಾಕೆಟ್ ಬಂದರೂ, ಅದೇ ರೀಸೆಟ್ ಅಲ್ಲದಿದ್ದರೆ, ತಿರುಗಿ ಒಂದು ರೀಸೆಟ್ ಕಳಿಸು ಅಂತ ಬರೆದಿದ್ದಾರೆ. ಬೇಸರ ತರಿಸುವ ಆ ಪುಟಗಳನ್ನು ಯಾರೋ ಕೂತು ಒಂದೊಂದೇ ಮನೆಯಾಗಿ ತುಂಬಿದ್ದಾರೆ.

ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ರಿಪೋರ್ಟ್ ತಿರುವಿ ಹಾಕಿ, "ಸ್ಟೇಟ್ ಡಯಾಗ್ರಮ್ ಎಲ್ಲಿ?" ಅಂದರು. ನಾವು ಕೋಷ್ಟಕದ ಪುಟ ತೋರಿಸಿ, ಪಂಪ್ ಸುಟ್ಟ ಕಥೆಯನ್ನು ಹೇಳಿದೆವು. ಲಾಗ್ ತೋರಿಸಿ ಪಂಪ್ ಅಣ್ಣನ ಮೇಲೆ ಹಾಕಿದ್ದನ್ನೂ ಹೇಳಿದೆವು. ವಾರ್ಡನ್ ಸರ್‌ಗೆ ಮಾತು ಕೊಟ್ಟಿದ್ದೆವಲ್ಲ. ಅವರು ಒಂದೇ ಪ್ರಶ್ನೆ ಕೇಳಿದರು: "ಈಗ ಲಾಗಿನಲ್ಲಿ ಎರರ್ ಇಲ್ಲ ಅಂದರೆ ನಂಬಬಹುದಾ?" ಮೊದಲಿಗಿಂತ ಜಾಸ್ತಿ ನಂಬಬಹುದು ಸರ್ ಅಂದೆವು. ಪೂರ್ತಿ ನಂಬಬಹುದು ಅನ್ನಲು ಬಾಯಿ ಬರಲಿಲ್ಲ.

ಕೋಷ್ಟಕವನ್ನು ಕನ್ನಡದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಪ್ಯಾನೆಲ್ ಬಾಗಿಲಿನ ಒಳಗಡೆ ಅಂಟಿಸಿದ್ದೇವೆ. ಹೋದ ತಿಂಗಳು ನೋಡಿದರೆ, ಕೊನೆಯ ಸಾಲಿನ ಕೆಳಗೆ ಪೆನ್ನಿನಲ್ಲಿ ಇನ್ನೊಂದು ಸಾಲು. ಪಂಪ್ ಅಣ್ಣನ ಅಕ್ಷರ: "ಇಲಿ ವೈರ್ ಕಡಿದರೆ?" ಮುಂದೆ ಐದು ಮನೆ, ಸ್ಕೇಲ್ ಇಟ್ಟು ಗೆರೆ ಹಾಕಿದ್ದಾರೆ. ಸಂಪಿನ ಫ್ಲೋಟಿನ ವೈರಿಂಗ್ ಬದಲಿಸಿ, ವೈರ್ ಕಡಿದರೆ ಸಂಪ್ ಖಾಲಿ ಅಂತಲೇ ಓದುವ ಹಾಗೆ ಮಾಡಿದೆವು. ಅದರಿಂದ ಎರಡು ಮನೆ ತುಂಬಿತು. ಟ್ಯಾಂಕಿನ ಫ್ಲೋಟುಗಳಿಗೆ ಹೀಗೆ ಸುಲಭವಾಗಿ ಆಗುತ್ತಿಲ್ಲ, ಹಾಗಾಗಿ ಇನ್ನೂ ಮೂರು ಮನೆ ಖಾಲಿ ಇವೆ. ನಾವು ಜೂನ್‌ನಲ್ಲಿ ಹಾಸ್ಟೆಲ್ ಬಿಡುತ್ತೇವೆ. ಆರನೇ ಸೆಮಿಸ್ಟರಿನವರು ಯಾರಾದರೂ ಈ ಪ್ರಾಜೆಕ್ಟ್ ಮುಂದುವರಿಸುವುದಿದ್ದರೆ ಸಂಜೆ ಐದರ ಮೇಲೆ ಪಂಪ್ ಮನೆಗೆ ಬನ್ನಿ. ಲ್ಯಾಪ್‌ಟಾಪ್ ಆಮೇಲೆ ತೆಗೆಯಿರಿ, ಮೊದಲು ಅಣ್ಣನ ಹತ್ತಿರ ಮಾತಾಡಿ.